ಗೋವೈದ್ಯದಲ್ಲಿ ದೀಪನ-ಪಾಚನಗಳ ವಿಚಾರ

ಕನ್ನಡ ಶಾಸ್ತ್ರವಾಙ್ಮಯದ ಚರಿತ್ರೆಯನ್ನು ಹೇಳುವ ವಿದ್ವಾಂಸರೆಲ್ಲರೂ ಕೀರ್ತಿವರ್ಮನ ‘ಗೋವೈದ್ಯ’ದ ಹೆಸರನ್ನು ತಪ್ಪದೆ ಹೇಳುವರು, ಹೇಳಿ ಮುಂದಕ್ಕೆ ಹೋಗುವರು. ಕರ್ತೃವು ಚಾಲುಕ್ಯವಂಶದ ರಾಜಪುತ್ರನೆಂಬುದು, ವಿಷಯವು ದನಗಳ ಚಿಕಿತ್ಸೆಯೆಂಬುದು, ಈ ಬಗೆಯ ಗ್ರಂಥಗಳಲ್ಲಿ ಕನ್ನಡಕ್ಕೆ ಇದೇ ಮೊದಲನೆಯದೆಂಬುದು, ಇಷ್ಟರಿಂದಲೇ ಪಾಠಶಾಲೆಗಳ ಪಾಠವು ಮುಗಿಯುವುದು. ಕಾವ್ಯಗುಣವನ್ನು ಅರಸುವವರಿಗೆ ಇಂತಹ ಗ್ರಂಥಗಳಲ್ಲಿ ಮನಸ್ಸು ನಿಲ್ಲದು. ಔಷಧವನ್ನು ಅರಸುವವರಿಗೆ ಹಳಗನ್ನಡವು ತಿಳಿಯದು. ಹೀಗೆ ಇಬ್ಬರ ನಡುವೆ ಬಿದ್ದ ಶಾಸ್ತ್ರವು ಇಬ್ಬರಿಗೂ ಹೊರತಾಗಿ ಉಳಿದಿರುವುದು. ಆದರೆ ದನವು ಮೇದ ಹುಲ್ಲನ್ನು ಚೆನ್ನಾಗಿ ಅರಗಿಸಿಕೊಳ್ಳುವಂತೆ ಗಿಡಮೂಲಿಕೆಗಳ ಸಾರದಿಂದ ಸಹಾಯಮಾಡಬಹುದೆ ಎಂಬ ಪ್ರಶ್ನೆಯು ಈಗ ದೇಶವಿದೇಶಗಳ ಪ್ರಯೋಗಶಾಲೆಗಳಲ್ಲಿ ಮತ್ತೆ ಎದ್ದಿದೆ. ನಮ್ಮ ಬೆಂಗಳೂರಿನಲ್ಲಿಯೇ ಅದಕ್ಕಾಗಿ ಪರಿಶ್ರಮ ನಡೆದಿದೆ. ಆದುದರಿಂದ ಈ ವಿಷಯದಲ್ಲಿ ಪ್ರಾಚೀನರು ಏನನ್ನು ಹೇಳಿದರು, ನಮ್ಮ ಹಳ್ಳಿಗಳು ಏನನ್ನು ಉಳಿಸಿಕೊಂಡವು, ನವೀನಶಾಸ್ತ್ರವು ಯಾವುದನ್ನು ಒಪ್ಪುವುದು, ಯಾವುದನ್ನು ಒಪ್ಪದು ಎಂಬುದನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ. ದೃಷ್ಟಾಂತಕ್ಕಾಗಿ ಮೈಸೂರು ಜಿಲ್ಲೆಯ ಭೇರ್ಯ ಮತ್ತು ಅದರ ಸುತ್ತಣ ಸೀಮೆಯನ್ನು ತೆಗೆದುಕೊಳ್ಳಲಾಗಿದೆ.

ಮೊದಲು ಶಬ್ದವಿಚಾರ. ಮೆಲುಕಿಗೆ ಸಂಸ್ಕೃತದಲ್ಲಿ ‘ರೋಮಂಥ’ವೆಂದು ಹೆಸರು. ಪಾಣಿನಿಯು ತೃತೀಯಾಧ್ಯಾಯದ ಪ್ರಥಮಪಾದದಲ್ಲಿ ಈ ಶಬ್ದಕ್ಕಾಗಿಯೇ ಒಂದು ಸೂತ್ರದಲ್ಲಿ ಎಡೆಮಾಡಿಕೊಟ್ಟಿರುವನು; ಅದರಿಂದ ‘ರೋಮಂಥಾಯತೇ’ ಎಂಬ ನಾಮಧಾತುರೂಪವು ಸಿದ್ಧಿಸುವುದು. ವಾರ್ತಿಕಕಾರನು ಅಷ್ಟಕ್ಕೇ ಬಿಡದೆ, ದವಡೆಯ ಚಲನೆಯಿರುವೆಡೆಯಲ್ಲಿ ಮಾತ್ರ ಈ ರೂಪವು ಸಾಧುವೆಂದು ನಿಯಮಿಸಿದನು. ಹಸುವಿಗೆ ಈ ಪ್ರಯೋಗವು ಸಲ್ಲುವುದು, ಕೀಟಕ್ಕೆ ಸಲ್ಲದು ಎಂದು ಕಾಶಿಕಾವೃತ್ತಿಯು ವಿವರಿಸಿದೆ. ವ್ಯಾಕರಣದ ಈ ಸಣ್ಣ ನಿಯಮದಲ್ಲಿ ದೊಡ್ಡದೊಂದು ನೋಟ ಅಡಗಿರುವುದು. ನುಂಗಿದ ಆಹಾರವು ಮತ್ತೆ ಬಾಯಿಗೆ ಬಂದು ಎರಡನೆಯ ಬಾರಿ ಅಗಿಯಲ್ಪಡುವುದೆಂಬ ವಿಲಕ್ಷಣಕ್ರಿಯೆಯನ್ನು ವೈಯಾಕರಣರು ಇತರ ಕ್ರಿಯೆಗಳಿಂದ ಬೇರ್ಪಡಿಸಿ ಕಂಡಿದ್ದರು. ಕನ್ನಡದ ‘ಮೆಲುಕು’ ಶಬ್ದವು ಅಗಿಯುವುದೆಂಬ ಅರ್ಥದ ‘ಮೆಲ್’ ಧಾತುವಿನಿಂದ ಬಂದುದು. ಈ ಧಾತುವು ತಮಿಳಿಗೂ ಸಮಾನ. ಸಂಸ್ಕೃತದ ಹೆಸರಿನಲ್ಲಿ ಮಂಥನವನ್ನು ಕಂಡರು, ಕನ್ನಡದ ಹೆಸರಿನಲ್ಲಿ ಅಗಿತವನ್ನು ಕಂಡರು. ಎರಡೂ ದಿಟವೇ ಎಂಬುದನ್ನು ಮುಂದೆ ಕಾಣುವೆವು.

ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ ಎಂಬ ಹೆಸರುಗಳು ಸಂಸ್ಕೃತದಲ್ಲಿ ಪ್ರಸಿದ್ಧವಾದುವು. ಅರಸರ ವಾಹನಗಳಾದುದರಿಂದ ಅವುಗಳ ವೈದ್ಯಕ್ಕೆ ವಿಸ್ತಾರವಾದ ಸಂಹಿತೆಗಳು ಹುಟ್ಟಿದುವು. ವಿರಾಟನಗರದಲ್ಲಿ ನಕುಲನು ಅಶ್ವಪಾಲಕನಾಗಿಯೂ ಸಹದೇವನು ಗೋಪಾಲಕನಾಗಿಯೂ ನಿಂತರೆಂದು ಭಾರತವು ಹೇಳಿದರೂ, ನಕುಲನ ವಿದ್ಯೆಗೆ ದೊರೆತ ಗ್ರಂಥಪರಂಪರೆಯು ಸಹದೇವನ ವಿದ್ಯೆಗೆ ಅದೇ ಪ್ರಮಾಣದಲ್ಲಿ ದೊರೆಯಲಿಲ್ಲ. ಗೋವನ್ನು ಪೂಜಿಸಿದ ದೇಶದಲ್ಲಿ ಗೋವಿನ ಚಿಕಿತ್ಸೆಯು ಬಹುಮಟ್ಟಿಗೆ ಗೊಲ್ಲರ ಬಾಯಲ್ಲಿಯೇ ಉಳಿಯಿತೆಂಬುದು ಗಮನಿಸತಕ್ಕ ಸಂಗತಿ.

ಸಂಸ್ಕೃತದಲ್ಲಿ ಉಳಿದಿರುವ ಆಧಾರಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸೋಣ. ಮೊದಲನೆಯದು ಕೌಟಿಲ್ಯನ ಅರ್ಥಶಾಸ್ತ್ರ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಗೋಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವುಂಟು. ಎಳೆಯ, ಮುದಿಯ ಮತ್ತು ರೋಗಿಷ್ಠ ದನಗಳಿಗೆ ಗೋಪಾಲಕರು ಚಿಕಿತ್ಸೆ ಮಾಡತಕ್ಕುದೆಂದು ಅಲ್ಲಿ ವಿಧಿ. ವೇಗದಲ್ಲಿ ಕುದುರೆಗೆ ಸರಿಯಾದ ಎತ್ತುಗಳಿಗೆ ದಿನವೊಂದಕ್ಕೆ ಕೊಡತಕ್ಕ ಆಹಾರದ ಪಟ್ಟಿಯಲ್ಲಿ ಹಸುರು ಮೇವು ಅರ್ಧಭಾರ, ಹುಲ್ಲು ಅದರ ಇಮ್ಮಡಿ, ಗಾಣದ ಹಿಂಡಿ ಒಂದು ತುಲೆ, ನುಚ್ಚು ತೌಡುಗಳು ಹತ್ತು ಆಢಕ, ಉಪ್ಪು ಐದು ಪಲ, ಮೂಗಿಗೆ ಬಿಡಲು ಒಂದು ಕುಡುಬ ಮತ್ತು ಕುಡಿಸಲು ಒಂದು ಪ್ರಸ್ಥ ಎಣ್ಣೆ ಇವನ್ನು ಎಣಿಸಿ, ಕೊನೆಗೆ ‘ಪ್ರತಿಪಾನ’ವೆಂಬ ಪುಷ್ಟಿಪಾನದಲ್ಲಿ ಹಾಲು ಮೊದಲಾದುವುಗಳ ಜೊತೆಗೆ ಒಂದು ಪಲ ಶೃಂಗಿಬೇರವನ್ನು, ಎಂದರೆ ಶುಂಠಿಯನ್ನು, ಹೇಳಿದೆ.

ಈ ಒಂದು ಪಲ ಶುಂಠಿಯು ನಮ್ಮ ವಿಚಾರಕ್ಕೆ ಮುಖ್ಯವಾದುದು. ಇಲ್ಲಿ ಎತ್ತಿಗೆ ರೋಗವಿಲ್ಲ. ಆದರೂ ಹಿಂಡಿ, ತೌಡು, ಧಾನ್ಯಗಳಂತಹ ಗುರುವಾದ ಆಹಾರದ ಕೊನೆಯಲ್ಲಿ ಕಟುದ್ರವ್ಯವೊಂದನ್ನು ಸೇರಿಸಿರುವುದು. ಆಯುರ್ವೇದದ ಪರಿಭಾಷೆಯಲ್ಲಿ ಇದು ದೀಪನ; ಜಠರಾಗ್ನಿಯನ್ನು ಹೊತ್ತಿಸುವುದು ದೀಪನ, ಅಪಕ್ವವಾದುದನ್ನು ಪಕ್ವಗೊಳಿಸುವುದು ಪಾಚನ. ರೋಗವು ಬಂದ ಮೇಲೆ ಕೊಡುವ ಮದ್ದಾಗಿ ಅಲ್ಲದೆ, ಮೇವಿನ ಅಂಗವಾಗಿಯೇ ಮೂಲಿಕೆಯನ್ನು ಕೊಡುವ ಪದ್ಧತಿಗೆ ಇದೊಂದು ಸ್ಪಷ್ಟವಾದ ಪ್ರಾಚೀನ ನಿದರ್ಶನ. ಶಾಸ್ತ್ರಕಾರನು ಇದನ್ನು ವೈದ್ಯಪ್ರಕರಣದಲ್ಲಿ ಹೇಳದೆ ರಾಜ್ಯದ ಆಯವ್ಯಯಗಳ ಪ್ರಕರಣದಲ್ಲಿ ಹೇಳಿರುವನೆಂಬುದೂ ಅರ್ಥವುಳ್ಳ ಮಾತು. ಹಾಕಿದ ಮೇವಿಗೆ ತಕ್ಕ ಬಲವು ಎತ್ತಿನಲ್ಲಿ ಬರಬೇಕೆಂಬ ಲೆಕ್ಕಾಚಾರವೇ ಅವನದು.

ಎರಡನೆಯದು ಅಗ್ನಿಪುರಾಣದ ಗವಾಯುರ್ವೇದಾಧ್ಯಾಯ. ಕೊಂಬು, ಕಿವಿ, ಹಲ್ಲು, ಹೊಟ್ಟೆಗಳ ರೋಗಗಳಿಗೆ ಅಲ್ಲಿ ಸಂಕ್ಷೇಪವಾಗಿ ಮದ್ದುಗಳನ್ನು ಹೇಳಿದೆ. ಅತಿಸಾರಕ್ಕೆ ಹರಿದ್ರಾದ್ವಯವನ್ನೂ ಪಾಠಾ ಎಂಬ ಮೂಲಿಕೆಯನ್ನೂ ಕೊಡತಕ್ಕುದೆಂಬುದು ಅವುಗಳಲ್ಲೊಂದು. ಹರಿದ್ರಾದ್ವಯವೆಂದರೆ ಅರಿಶಿನ ಮತ್ತು ದಾರುಹರಿದ್ರೆ. ಔತ್ತರೇಯರಿಗೆ ದಾರುಹರಿದ್ರೆಯೆಂದರೆ ಹಿಮಾಲಯದ ಮುಳ್ಳುಪೊದೆ. ನಮ್ಮ ದಕ್ಷಿಣದ ಗಂಧಿಗೆ ಅಂಗಡಿಗಳಲ್ಲಿ ಅದೇ ಹೆಸರಿಗೆ ದೊರೆಯುವುದು ಘಟ್ಟದ ಕಾಡುಗಳ ಬಳ್ಳಿಯಾದ ಮರದರಿಶಿನ. ಇವೆರಡೂ ಬೇರೆ ಬೇರೆ ಕುಲಗಳ ಸಸ್ಯಗಳು. ಆದರೆ ಎರಡರಲ್ಲಿಯೂ ಬರ್ಬರೀನ್ ಎಂಬ ಹಳದಿಯ ಕಹಿಸತ್ತ್ವವು ಸಮಾನವಾಗಿ ಇರುವುದೆಂದು ರಸಾಯನಶಾಸ್ತ್ರಜ್ಞರು ಕಂಡಿರುವರು. ಒಂದು ದೇಶದ ಯೋಗವು ಇನ್ನೊಂದು ದೇಶಕ್ಕೆ ಬಂದಾಗ ನಮ್ಮ ಹಿರಿಯರು ಹೆಸರನ್ನು ಮಾತ್ರ ಉಳಿಸಿಕೊಂಡು ಸಿಕ್ಕಿದ ಗಿಡವನ್ನು ಹಾಕಲಿಲ್ಲ. ಬಣ್ಣ ರುಚಿಗಳನ್ನು ಪರೀಕ್ಷಿಸಿ ಗುಣದಲ್ಲಿ ಸಮಾನವಾದುದನ್ನೇ ಆರಿಸಿದರೆಂದು ಇದರಿಂದ ತೋರುವುದು. ಎಲ್ಲ ಮೂಲಿಕೆಗಳಿಗೂ ಹೀಗೆಯೇ ಆಯಿತೆಂದು ಹೇಳಲಾಗದು. ‘ರಾಸ್ನಾ’ ಎಂಬ ಒಂದೇ ಹೆಸರಿಗೆ ಪ್ರಾಂತಭೇದದಿಂದ ಹಲವು ಗಿಡಗಳನ್ನು ಹೇಳುವರು. ಕನ್ನಡನಾಡಿನಲ್ಲಿ ಅದು ದುಂಪರಾಸ್ಮೆ. ಶಬ್ದನಿರ್ಣಯವು ಇಲ್ಲಿ ಕೇವಲ ಪಾಂಡಿತ್ಯದ ವಿನೋದವಲ್ಲ. ಪ್ರಾಣಿಯ ಪ್ರಾಣವು ಅದನ್ನು ಅವಲಂಬಿಸಿರುವುದು.

ಇನ್ನು ಕನ್ನಡದ ಗ್ರಂಥಗಳು. ಇಮ್ಮಡಿ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ವು ಗೃಹಸ್ಥನಿಗೆ ಬೇಕಾದ ಜ್ಯೋತಿಷ, ವಾಸ್ತು, ಜಲಶೋಧನ, ವೃಕ್ಷಾಯುರ್ವೇದ, ಗಂಧಯುಕ್ತಿ, ಪಾಕ, ವೈದ್ಯ ಮೊದಲಾದುವನ್ನೆಲ್ಲ ಒಂದೆಡೆ ತಂದ ಗ್ರಂಥ, ಪಶುಚಿಕಿತ್ಸೆಯೂ ಅದರ ವ್ಯಾಪ್ತಿಗೆ ಸೇರಿದುದು. ಅದಾದ ಮೇಲೆ ಗೋವೈದ್ಯಕ್ಕೇ ಮೀಸಲಾದ ಗ್ರಂಥವನ್ನು ಬರೆದವನು ಕೀರ್ತಿವರ್ಮ. ಇವನು ತ್ರೈಲೋಕ್ಯಮಲ್ಲ ಸೋಮೇಶ್ವರನ ಮಗ, ಆರನೆಯ ವಿಕ್ರಮಾದಿತ್ಯನ ಸೋದರ, ಜೈನ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ಅನುಸರಿಸಿ ಇವನ ಕಾಲವನ್ನು ಸುಮಾರು ೧೧೨೫ ಎಂದು ಹೇಳುವ ರೂಢಿಯಿದೆ. ಆದರೆ ತಂದೆಯಾದ ಸೋಮೇಶ್ವರನು ೧೦೬೮ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದನು. ಹಾಗಾದರೆ ೧೧೨೫ರಲ್ಲಿ ಮಗನ ವಯಸ್ಸು ಐವತ್ತೇಳಕ್ಕೆ ಕಡಮೆಯಾಗಲಾರದು. ಅಸಂಭವವಲ್ಲದಿದ್ದರೂ, ಗ್ರಂಥವನ್ನು ಹನ್ನೊಂದನೆಯ ಶತಮಾನದ ಕೊನೆಯ ಭಾಗಕ್ಕೆ ಅಥವಾ ಸುಮಾರು ೧೧೦೦ಕ್ಕೆ ಒಯ್ಯುವುದೇ ಯುಕ್ತತರವೆಂದು ತೋರುವುದು.

ಇ. ಪಿ. ರೈಸ್ ಸಾಹೇಬರು ಕನ್ನಡ ಸಾಹಿತ್ಯಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಈ ಗ್ರಂಥದಲ್ಲಿ ವೈದ್ಯವೂ ಮಾಂತ್ರಿಕವೂ ಬೆರೆತಿರುವುದನ್ನು ಗುರುತಿಸಿದರು. ಈ ಬೆರಕೆಯನ್ನು ಕಂಡು ಗ್ರಂಥವನ್ನೇ ಕೈಬಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಮಂತ್ರವು ಆ ಕಾಲದ ಚಿಕಿತ್ಸೆಯ ಅಂಗವಾಗಿತ್ತು. ಹಾಗೆಂದು ಮಂತ್ರಕ್ಕೂ ಮೂಲಿಕೆಗೂ ಸಮನಾದ ಫಲವನ್ನು ಹೇಳುವುದೂ ವಿಮರ್ಶೆಯಲ್ಲ. ದ್ರವ್ಯಭಾಗವನ್ನು ಬೇರ್ಪಡಿಸಿ, ಒಂದೊಂದು ಹೆಸರಿಗೂ ಗಿಡವನ್ನು ನಿರ್ಣಯಿಸಿ, ಆಮೇಲೆ ಗುಣದೋಷಗಳನ್ನು ಪರೀಕ್ಷಿಸುವುದೇ ಸರಿಯಾದ ಮಾರ್ಗ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಸಂಸ್ಕೃತದಲ್ಲಿ ಕುದುರೆ ಆನೆಗಳ ಪಕ್ಕದಲ್ಲಿ ಸ್ವಲ್ಪವೇ ಎಡೆಪಡೆದಿದ್ದ ಗೋವು ಕನ್ನಡದಲ್ಲಿ ಸ್ವತಂತ್ರಗ್ರಂಥದ ವಿಷಯವಾಯಿತು. ಅದೂ ರಾಜಪುತ್ರನೊಬ್ಬನ ಲೇಖನಿಯಿಂದ. ಅಭಿನವಚಂದ್ರನ ಅಶ್ವವೈದ್ಯವು ಬಂದುದು ಸುಮಾರು ೧೪೦೦ರಲ್ಲಿ. ಅಂದರೆ ಕನ್ನಡದಲ್ಲಿ ಗೋವೇ ಕುದುರೆಗಿಂತ ಮುಂದೆ ನಡೆಯಿತು. ನೇಗಿಲನ್ನು ಎಳೆಯುವ ಪ್ರಾಣಿಗೆ ಒಕ್ಕಲಿಗನ ಭಾಷೆಯಲ್ಲಿ ಶಾಸ್ತ್ರವನ್ನು ಹೇಳಿದರೆಂಬುದೇ ಈ ಗ್ರಂಥದ ನಿಜವಾದ ಹೆಚ್ಚುಗಾರಿಕೆ.

ಈಗ ನಾವು ಆರಿಸಿಕೊಂಡ ಸೀಮೆಗೆ ಬರೋಣ. ಭೇರ್ಯವು ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಹಿಂದಿನ ಎಡತೊರೆ ತಾಲ್ಲೂಕಿನ ನೆಲ. ಕಾವೇರಿಯ ನಾಲೆಗಳಿಂದ ನೀರುಣ್ಣುವ ಗದ್ದೆಗಳೂ, ರಾಗಿ ಹುರುಳಿಗಳನ್ನು ಬೆಳೆಯುವ ಬೆದ್ದಲೂ ಇಲ್ಲಿ ಒಂದರ ಪಕ್ಕದಲ್ಲೊಂದು ಇರುವುವು. ಪಡುವಣಕ್ಕೆ ಪಿರಿಯಾಪಟ್ಟಣ, ಹುಣಸೂರು. ತೆಂಕಣಕ್ಕೆ ಹೆಗ್ಗಡದೇವನಕೋಟೆಯ ಕಾಡು. ಚಂಗಾಳ್ವರ ಆಳ್ವಿಕೆಯನ್ನು ಕಂಡ ಈ ಪ್ರದೇಶದಲ್ಲಿ ಕೀರ್ತಿವರ್ಮನ ಶತಮಾನಕ್ಕೆ ಸೇರಿದ ಜೈನಕೇಂದ್ರವೊಂದು ಪ್ರಸಿದ್ಧವಾಗಿತ್ತು. ಶಾಸನಗಳಲ್ಲಿ ‘ಪನಸೋಗೆ’ಯೆಂದು ಹೆಸರಾದ ಆ ಸ್ಥಳವು ಈಗಿನ ಚಿಕ್ಕಹನಸೋಗೆ. ಹುಣಸೂರಿನ ಸಮೀಪದ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ರಚಿಸಿದನು. ಅಡುಗೆಯ ಮನೆಯನ್ನೂ ಶಾಸ್ತ್ರದ ವಿಷಯವೆಂದು ತಿಳಿದ ನೆಲ ಇದು. ದನಕ್ಕೆ ಹೊಟ್ಟೆ ಕೆಟ್ಟಾಗ ಒಕ್ಕಲಗಿತ್ತಿಯು ಕೈಹಾಕುವುದೂ ಅಡುಗೆಯ ಮನೆಯ ಸಾಂಬಾರದ ಡಬ್ಬಿಗೇ. ಮನುಷ್ಯನ ಅಗ್ನಿಗೆ ಹಿತವಾದ ಶುಂಠಿ, ಮೆಣಸು, ಜೀರಿಗೆ, ಓಮ, ಇಂಗುಗಳನ್ನೇ ಆಕೆ ದನಕ್ಕೂ ತೆಗೆದುಕೊಡುವಳು.

ಇದೇ ಸೀಮೆಗೆ ಮತ್ತೊಂದು ದೊಡ್ಡ ಚರಿತ್ರೆಯುಂಟು. ಮೈಸೂರಿನ ಒಡೆಯರ ‘ಬೆಣ್ಣೆಚಾವಡಿ’ಯು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೩-೧೭೦೪) ವ್ಯವಸ್ಥಿತವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ೧೭೯೯ರ ಬಳಿಕ ಇಂಗ್ಲಿಷರ ಕೈಗೆ ಹೋದ ಈ ಇಲಾಖೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಮುಖ್ಯಸ್ಥಾನವಾಗಿತ್ತು. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಹಿಂಡುಗಳನ್ನು ಮಾರಿಬಿಟ್ಟು, ಅದರಿಂದಾದ ನಷ್ಟವನ್ನು ಅರಿತು ೧೮೬೬ರಲ್ಲಿ ಮರಳಿ ಸ್ಥಾಪಿಸಿದರು. ಇಲಾಖೆಗೆ ಸೇರಿದ ಹುಲ್ಲುಗಾವಲುಗಳನ್ನು ‘ಕಾವಲು’ಗಳೆಂದು ಕರೆದು, ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಋತುವಿಗೆ ತಕ್ಕಂತೆ ಹಿಂಡು ಸ್ಥಳವನ್ನು ಬದಲಾಯಿಸುತ್ತಿತ್ತು. ಗಿಡಮರಗಳಿಂದ ಕೂಡಿದ ಇಂತಹ ಕಾವಲಿನಲ್ಲಿ ದನವು ಹುಲ್ಲಿನೊಡನೆ ನಾನಾಬಗೆಯ ಸೊಪ್ಪು ಚಿಗುರುಗಳನ್ನೂ ತಾನೇ ಆರಿಸಿ ಮೇಯುವುದು. ಒಗರು, ಕಹಿ, ಖಾರ ಎಂಬ ರಸಗಳೆಲ್ಲವೂ ಅದರ ಹೊಟ್ಟೆಗೆ ಸ್ವಲ್ಪಸ್ವಲ್ಪವಾಗಿ ಸೇರುತ್ತಿದ್ದುವು. ಕಾವಲುಗಳು ಕುಗ್ಗಿ, ದನವು ಕೊಟ್ಟಿಗೆಯ ಗೂಟಕ್ಕೆ ಕಟ್ಟುಬಿದ್ದ ಮೇಲೆ ಆ ರಸಗಳನ್ನು ಮನುಷ್ಯನೇ ಒದಗಿಸಬೇಕಾಯಿತು. ಈ ತಳಿಯ ಸಂವರ್ಧನವು ಈಗ ಅಜ್ಜಂಪುರದ ಕೇಂದ್ರದಲ್ಲಿ ನಡೆಯುತ್ತಿದೆ.

ಭೇರ್ಯಕ್ಕೆ ಹತ್ತಿರದ ಚುಂಚನಕಟ್ಟೆಯಲ್ಲಿ ಪ್ರತಿವರ್ಷವೂ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳನ್ನು ತಂದ ರೈತರು ಅವುಗಳಿಗೆ ಏನನ್ನು ತಿನ್ನಿಸಿ ಬೆಳೆಸಿದರೆಂಬುದನ್ನು ಹೆಮ್ಮೆಯಿಂದ ಹೇಳುವರು. ಬೇಯಿಸಿದ ಹುರುಳಿ, ಹಿಂಡಿ, ಬೂಸ, ತೌಡು, ಕಲಗಚ್ಚು ಇವು ಅಲ್ಲಿನ ಮಾತು. ಕೌಟಿಲ್ಯನ ಪಟ್ಟಿಯ ಬಹುಭಾಗವು ಹೆಸರು ಬದಲಾಯಿಸಿಕೊಂಡು ಇಲ್ಲಿ ಇನ್ನೂ ಜೀವಿಸಿರುವುದು. ಆದರೆ ನಿತ್ಯದ ಮೇವು ಒಣಹುಲ್ಲು. ಅದರಲ್ಲಿಯೂ ತಾರತಮ್ಯವಿದೆ. ರಾಗಿಯ ಹುಲ್ಲು ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗುವುದು. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕವು ಹೆಚ್ಚು. ನಾಲೆಯ ನೀರು ಬಂದೆಡೆ ಮನುಷ್ಯನ ಅನ್ನವು ಹೆಚ್ಚಿ, ದನದ ಹುಲ್ಲಿನ ಗುಣವು ತಗ್ಗಿತು. ಹುಣಸೂರು, ಪಿರಿಯಾಪಟ್ಟಣಗಳ ಬೆದ್ದಲಿನಲ್ಲಿ ಹೊಗೆಸೊಪ್ಪು ವ್ಯಾಪಿಸಿದೆಡೆ ರಾಗಿಯೊಡನೆ ರಾಗಿಯ ಹುಲ್ಲೂ ಹಿಂದೆ ಸರಿಯಿತು. ಹೊಗೆಸೊಪ್ಪಿನ ಕಡ್ಡಿಯನ್ನು ಯಾವ ದನವೂ ಮೇಯದು. ಇರುವ ಹುಲ್ಲನ್ನೇ ಹೆಚ್ಚು ಅರಗಿಸುವುದು ಹೇಗೆಂಬ ಪ್ರಶ್ನೆಯು ಇಲ್ಲಿ ಶಾಸ್ತ್ರಕುತೂಹಲವಲ್ಲ. ಬಡವನ ಕೊಟ್ಟಿಗೆಯ ಜೀವನಪ್ರಶ್ನೆ.

ಹಳ್ಳಿಗಳ ಚಿಕಿತ್ಸೆಗೆ ಎರಡು ವಿಧಾನಗಳು ಮುಖ್ಯವಾದುವು. ಒಂದು, ಮದ್ದನ್ನು ಅರೆದು ಬೆಲ್ಲದಲ್ಲಿ ಉಂಡೆಮಾಡಿ ನಾಲಗೆಗೆ ಕೊಡುವುದು. ಇನ್ನೊಂದು, ಕಷಾಯವನ್ನೋ ಎಣ್ಣೆಯನ್ನೋ ಬಿದಿರಿನ ಗೊಟ್ಟದಲ್ಲಿ ತುಂಬಿ ಕುಡಿಸುವುದು. ದನದ ಎಡಪಕ್ಕೆಯು ತಮಟೆಯಂತೆ ಬಿಗಿದು ನಿಂತ ಹೊಟ್ಟೆಯುಬ್ಬರದಲ್ಲಿ ಎಣ್ಣೆಯನ್ನು ಕುಡಿಸುವ ರೂಢಿಯು ಬಹಳ ಹಿಂದಿನದು. ಹಸಿಯ ದ್ವಿದಳಸೊಪ್ಪನ್ನು ಹೆಚ್ಚಾಗಿ ಮೇದಾಗ ಹೊಟ್ಟೆಯಲ್ಲಿ ಗಟ್ಟಿನೊರೆಯೆದ್ದು ಅನಿಲವು ಅದರಲ್ಲಿ ಸಿಕ್ಕಿಕೊಳ್ಳುವುದು. ಎಣ್ಣೆಯು ಆ ನೊರೆಯನ್ನು ಒಡೆದು ಅನಿಲಕ್ಕೆ ದಾರಿಮಾಡುವುದು. ಈ ಸಂಗತಿಯನ್ನು ನವೀನರೂ ಒಪ್ಪಿರುವರು. ಆದರೆ ಗೊಟ್ಟವನ್ನು ಅವಸರದಲ್ಲಿ ಎತ್ತಿ ಹಿಡಿದರೆ ದ್ರವವು ಶ್ವಾಸನಾಳಕ್ಕೆ ಇಳಿದು ದನವು ಸಾಯುವುದುಂಟು. ಹೊಟ್ಟೆಯ ರೋಗಕ್ಕೆ ಸಾಯದ ದನವು ಮದ್ದು ಕುಡಿಸುವ ಕೈಯಿಂದ ಸತ್ತುದಾದರೆ ದೋಷವನ್ನು ಮೂಲಿಕೆಯ ಮೇಲೆ ಹೊರಿಸಲಾಗದು.

ಇಂತಹ ಗ್ರಾಮೀಣಯೋಗಗಳನ್ನು ಸಂಗ್ರಹಿಸಿ ಪರಿಷ್ಕರಿಸುವ ಕಾರ್ಯವನ್ನು ಬೆಂಗಳೂರಿನಲ್ಲಿ ೧೯೯೩ರಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನವು ಕೈಗೊಂಡಿತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಹಾಲು ಉತ್ಪಾದಕರಲ್ಲಿ ಇವುಗಳನ್ನು ಪ್ರಚಾರಮಾಡುತ್ತಿರುವುದು. ಅಜೀರ್ಣಕ್ಕೂ ಹೊಟ್ಟೆಯುಬ್ಬರಕ್ಕೂ ಹೇಳಿದ ಯೋಗದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಅರಿಶಿನ, ಕರಿಮೆಣಸು, ವೀಳ್ಯದೆಲೆ, ಶುಂಠಿ, ಬೆಲ್ಲ ಇವುಗಳಿವೆ. ಅರೆದು, ಉಂಡೆಮಾಡಿ, ಉಪ್ಪಿನಲ್ಲಿ ಹೊರಳಿಸಿ ಕೊಡತಕ್ಕುದು. ಒಣಮೆಣಸಿನಕಾಯಿಯು ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ವಸ್ತು. ಕೀರ್ತಿವರ್ಮನಿಗೆ ಅದರ ಪರಿಚಯವಿರಲು ಸಾಧ್ಯವೇ ಇಲ್ಲ. ಆದುದರಿಂದ ಹಳ್ಳಿಯ ವೈದ್ಯವು ಗ್ರಂಥದ ನಕಲೂ ಅಲ್ಲ, ಕಲ್ಲಿನಂತೆ ಸ್ಥಿರವಾದುದೂ ಅಲ್ಲ. ಹೊಸದನ್ನು ಪರೀಕ್ಷಿಸಿ ಹಳೆಯದರೊಡನೆ ಸೇರಿಸಿಕೊಳ್ಳುತ್ತ ಬಂದ ಜೀವಂತವಿದ್ಯೆ ಅದು. ‘ಪರಂಪರೆ’ಯೆಂಬ ಮಾತನ್ನು ನಾವು ಉಪಯೋಗಿಸುವಾಗ ಈ ಚಲನವನ್ನು ಮರೆಯಬಾರದು.

ನವೀನಶಾಸ್ತ್ರದ ಅಭಿಪ್ರಾಯವೇನು? ಮೆಲುಕುಹಾಕುವ ಪ್ರಾಣಿಯ ಜಠರವು ನಾಲ್ಕು ಕೋಶಗಳುಳ್ಳದು. ರೂಮೆನ್ ಎಂಬ ಮೊದಲನೆಯ ದೊಡ್ಡ ಕೋಶವು ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವುದು. ಅಲ್ಲಿ ಹುಲ್ಲನ್ನು ಅರಗಿಸುವುದು ಹಸುವಲ್ಲ. ಎಣಿಕೆಗೆ ಸಿಲುಕದ ಸೂಕ್ಷ್ಮಜೀವಿಗಳು. ಅವು ನಾರನ್ನು ಹುಳಿಯಿಸಿ ಆಮ್ಲಗಳನ್ನಾಗಿ ಮಾಡುವುವು. ಆ ಆಮ್ಲಗಳೇ ಹಸುವಿಗೆ ಶಕ್ತಿ. ಕೋಶವು ತನ್ನಲ್ಲಿರುವುದನ್ನು ಬಿಡದೆ ಕಡೆಯುತ್ತಿರುವುದರಿಂದ ‘ಮಂಥ’ವೂ, ಹಿಂತಿರುಗಿದ ತುತ್ತನ್ನು ಹಲ್ಲು ನುರಿಯುವುದರಿಂದ ‘ಮೆಲ್’ ಧಾತುವೂ ಅರ್ಥವತ್ತಾದುವು. ಈ ಹುಳಿಯುವ ಕ್ರಿಯೆಯಲ್ಲಿ ಮಿಥೇನ್ ಅನಿಲವು ಹುಟ್ಟಿ ತೇಗಿನ ಮೂಲಕ ಹೊರಬೀಳುವುದು. ಮ್ಯಾವಿನ ಒಟ್ಟು ಶಕ್ತಿಯಲ್ಲಿ ಶೇಕಡ ೨ ರಿಂದ ೧೨ರ ವರೆಗೆ ಹೀಗೆ ಗಾಳಿಗೆ ಹೋಗುವುದೆಂದು ಶಾಸ್ತ್ರಜ್ಞರು ಲೆಕ್ಕಹಾಕಿರುವರು. ಒಳ್ಳೆಯ ಮೇವಿನಲ್ಲಿ ನಷ್ಟವು ಕಡಮೆ, ಒರಟು ಹುಲ್ಲಿನಲ್ಲಿ ಹೆಚ್ಚು. ೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ದನ ಎಮ್ಮೆಗಳ ಸಂಖ್ಯೆಯು ಮೂವತ್ತು ಕೋಟಿಗೂ ಹೆಚ್ಚು. ಅಲ್ಪವಾದ ಉಳಿತಾಯವೂ ಒಟ್ಟಿನಲ್ಲಿ ಮಹತ್ತಾಗುವುದು.

ಮೂಲಿಕೆಗಳ ಮೂರು ಬಗೆಯ ಸತ್ತ್ವಗಳು ಇಲ್ಲಿ ಕೆಲಸಮಾಡುವುವೆಂದು ಈಗ ತಿಳಿದಿದೆ. ಒಗರಾದ ಟ್ಯಾನಿನ್ನುಗಳು ಮೇವಿನ ಸಸಾರಜನಕವನ್ನು ಹಿಡಿದು ಮೊದಲ ಕೋಶದಲ್ಲಿ ಅತಿಯಾಗಿ ಕರಗದಂತೆ ಕಾಯುವುವು. ಅಂಟುವಾಳದಲ್ಲಿರುವಂತಹ ನೊರೆಗಟ್ಟುವ ಸಪೋನಿನ್ನುಗಳು ಅಲ್ಲಿನ ಕೆಲವು ಸೂಕ್ಷ್ಮಪ್ರಾಣಿಗಳನ್ನು ತಗ್ಗಿಸುವುವು. ಓಮ, ಬೆಳ್ಳುಳ್ಳಿ ಮುಂತಾದುವುಗಳ ಸುಗಂಧತೈಲಗಳು ಸೂಕ್ಷ್ಮಜೀವಿಗಳ ಸಮೂಹವನ್ನು ಬದಲಾಯಿಸುವುವು. ಐರೋಪ್ಯಸಂಘದ ದೇಶಗಳಲ್ಲಿ ದನಗಳ ಬೆಳವಣಿಗೆಗಾಗಿ ಮೇವಿಗೆ ಪ್ರತಿಜೈವಿಕಗಳನ್ನು ಬೆರೆಸುವುದು ೨೦೦೬ರ ಜನವರಿ ೧ರಿಂದ ನಿಷಿದ್ಧವಾದ ಮೇಲೆ ಈ ಸಂಶೋಧನೆಗೆ ವೇಗವು ಬಂದಿತು. ನಮ್ಮಲ್ಲಿ ಹುಣಿಸೆಬೀಜದ ಸಿಪ್ಪೆಯನ್ನು ಟ್ಯಾನಿನ್ನಿನ ಮೂಲವಾಗಿ ಮಿಶ್ರತಳಿಯ ಹಸುಗಳಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲವು ೨೦೦೦ದಲ್ಲಿ ಪ್ರಕಟವಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಟ್ಯಾನಿನ್ನುಳ್ಳ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕವನ್ನು ಸಿದ್ಧಪಡಿಸಿ, ಅದರಿಂದ ಮಿಥೇನು ಶೇಕಡ ೧೭ ರಿಂದ ೨೦ರಷ್ಟು ಕಡಮೆಯಾಗುವುದೆಂದು ಹೇಳಿರುವುದು.

ಇದನ್ನು ಕಂಡು ‘ಎಲ್ಲವನ್ನೂ ನಮ್ಮ ಪೂರ್ವಿಕರು ಮೊದಲೇ ಬಲ್ಲರು’ ಎಂದು ಘೋಷಿಸುವುದು ಸುಲಭ. ಆದರೆ ಅದು ಸತ್ಯವಲ್ಲ. ಪೂರ್ವಿಕರಿಗೆ ಸೂಕ್ಷ್ಮಜೀವಿಗಳು ಗೊತ್ತಿರಲಿಲ್ಲ, ಮಿಥೇನೂ ಗೊತ್ತಿರಲಿಲ್ಲ. ಮನುಷ್ಯನ ಜಠರಾಗ್ನಿಯ ಸಿದ್ಧಾಂತವನ್ನೇ ಅವರು ದನಕ್ಕೂ ಅನ್ವಯಿಸಿದರು. ಮನುಷ್ಯನ ಪಚನಕ್ಕೂ ದನದ ಪಚನಕ್ಕೂ ಇರುವ ಭೇದವು ವೈಯಾಕರಣನ ಕಣ್ಣಿಗೆ ಬಿದ್ದಷ್ಟು ವೈದ್ಯನ ಸಿದ್ಧಾಂತದಲ್ಲಿ ಸೇರಲಿಲ್ಲವೆಂದರೆ ತಪ್ಪಾಗದು. ಅವರಿಗೆ ತಿಳಿದಿದ್ದುದು ಮೂರು ವಿಷಯ: ಕಟು ತಿಕ್ತ ಕಷಾಯರಸಗಳ ದ್ರವ್ಯವು ದನದ ಹೊಟ್ಟೆಯನ್ನು ತಿದ್ದಬಲ್ಲದು, ಅದನ್ನು ಮೇವಿನೊಡನೆ ಸ್ವಲ್ಪವಾಗಿ ಕೊಡಬೇಕು, ಮಾತ್ರೆ ಮೀರಿದರೆ ಅದೇ ಕೇಡು. ಈ ಮೂರನೆಯದರಲ್ಲಿ ಪ್ರಯೋಗಶಾಲೆಯು ಅವರೊಡನೆ ಸಂಪೂರ್ಣವಾಗಿ ಏಕಾಭಿಪ್ರಾಯವುಳ್ಳದು. ಟ್ಯಾನಿನ್ನು ಹೆಚ್ಚಾದರೆ ದನವು ಮೇವನ್ನೇ ಬಿಡುವುದು, ಅರಗುವುದೂ ಕುಂದುವುದು. ಸುಗಂಧತೈಲಗಳು ಹೆಚ್ಚಾದರೆ ನಾರನ್ನು ಅರಗಿಸುವ ಜೀವಿಗಳೇ ನಾಶಹೊಂದುವುವು. ಸಿದ್ಧಾಂತದಲ್ಲಿ ಭೇದವಿದ್ದರೂ ಅನುಭವದಲ್ಲಿ ಸಂವಾದವಿದೆ. ಚರಿತ್ರಕಾರನು ಎರಡನ್ನೂ ಹೇಳಬೇಕು.

ಹಾಗಾದರೆ ಸಾಹಿತ್ಯದ ಅಧ್ಯಾಪಕರಿಗೂ ಸಂಶೋಧಕರಿಗೂ ಇದರಲ್ಲಿ ಮಾಡತಕ್ಕ ಕಾರ್ಯವೇನು? ನಮ್ಮ ಅಭಿಪ್ರಾಯದಲ್ಲಿ ಎರಡು. ಒಂದು, ಗೋವೈದ್ಯ ಲೋಕೋಪಕಾರಾದಿಗಳಲ್ಲಿ ಬರುವ ಮೂಲಿಕೆಯ ಹೆಸರುಗಳಿಗೆ ಪದಕೋಶವನ್ನು ಸಿದ್ಧಪಡಿಸುವುದು. ಅದರಲ್ಲಿ ಸಂಸ್ಕೃತನಾಮ, ಹಳಗನ್ನಡನಾಮ, ಈಗಿನ ಗ್ರಾಮ್ಯನಾಮ, ಸಸ್ಯಶಾಸ್ತ್ರದ ನಾಮ ನಾಲ್ಕೂ ಇರತಕ್ಕುದು. ಇದು ಭಾಷಾಪಂಡಿತ ಮತ್ತು ಸಸ್ಯಶಾಸ್ತ್ರಜ್ಞರು ಒಂದೇ ಮೇಜಿನ ಮುಂದೆ ಕುಳಿತು ಮಾಡತಕ್ಕ ಕೆಲಸ, ಒಬ್ಬರಿಂದಲೇ ಆಗತಕ್ಕುದಲ್ಲ. ಇನ್ನೊಂದು, ಹಳ್ಳಿಗಳಲ್ಲಿ ದನದ ಮೈಯನ್ನೂ ರೋಗವನ್ನೂ ಮೇವನ್ನೂ ಹೇಳುವ ಮಾತುಗಳನ್ನು ಬರೆದಿಡುವುದು. ಉಳುಮೆಗೆ ಯಂತ್ರಗಳು ಬಂದು ಎತ್ತುಗಳು ಕಡಮೆಯಾದಂತೆ ಗೊಟ್ಟ, ಕಲಗಚ್ಚು ಮೊದಲಾದ ಮಾತುಗಳೂ ಯುವಕರ ಬಾಯಿಂದ ಜಾರುತ್ತಿರುವುವು. ವಸ್ತುವು ಹೋದರೆ ಶಬ್ದವು ಹೋಗುವುದು. ಶಬ್ದವು ಹೋದ ಮೇಲೆ ಹಳೆಯ ಗ್ರಂಥದ ಅರ್ಥವೂ ಹೋಗುವುದು. ದಕ್ಷಿಣದ ಕಾಡುಗಳಲ್ಲಿ ಮರದರಿಶಿನದ ಬಳ್ಳಿಯೇ ಅಪಾಯಕ್ಕೆ ಒಳಗಾಗಿರುವಾಗ, ಅದರ ಹೆಸರನ್ನು ನಿರ್ಣಯಿಸುವ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.

ಕೀರ್ತಿವರ್ಮನ ಗ್ರಂಥವನ್ನು ‘ಮೊದಲನೆಯದು’ ಎಂಬ ಒಂದು ಮಾತಿನಿಂದ ಗೌರವಿಸಿ ಕಪಾಟಿನಲ್ಲಿಡುವುದು ನಿಜವಾದ ಗೌರವವಲ್ಲ. ಅದರ ಒಂದೊಂದು ಯೋಗವನ್ನೂ ಓದಿ, ಸಂದೇಹವಿದ್ದೆಡೆ ಸಂದೇಹವನ್ನು ಹೇಳಿ, ಪರೀಕ್ಷೆಗೆ ನಿಲ್ಲುವುದನ್ನು ಪರೀಕ್ಷಕರ ಕೈಗೆ ಒಪ್ಪಿಸುವುದೇ ಶಾಸ್ತ್ರಕ್ಕೆ ಸಲ್ಲತಕ್ಕ ಮರ್ಯಾದೆ. ಅದರಿಂದ ಭೇರ್ಯದ ಗದ್ದೆಯಂಚಿನ ಒಂದು ಹಸುವಿಗೆ ಭತ್ತದ ಹುಲ್ಲು ಸ್ವಲ್ಪ ಹೆಚ್ಚಾಗಿ ಅರಗಿತಾದರೆ, ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರಾಜಪುತ್ರನು ಕನ್ನಡದಲ್ಲಿ ಪಟ್ಟ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.